ಚೀವಿತಾ ದಿ ಬಾನ್ಯೊರೇಜೊ: 5 ಯೂರೋ ಕೊಟ್ಟು ಒಳಹೋಗುವ ಊರು

ರೋಮಿನ ಉತ್ತರಕ್ಕೆ, ಗುಡ್ಡದ ನೆತ್ತಿಯ ಮೇಲೊಂದು ಊರು. ಹೋಗಲಿಕ್ಕೆ ಒಂದೇ ಕಾಲುಸೇತುವೆ, ಅದರ ಬಾಯಲ್ಲೇ ಟಿಕೆಟ್ ಕೌಂಟರ್. 2013ರಲ್ಲಿ ಒಂದೂವರೆ ಯೂರೋ ಇದ್ದ ಶುಲ್ಕ ಈಗ 5 ಯೂರೋ. ಊರಲ್ಲಿ ವರ್ಷವಿಡೀ ಇರುವವರು ಹತ್ತು-ಹನ್ನೆರಡು ಜನ, ಅಷ್ಟೆ.

ದುಡ್ಡಿಗೆ ಮೋಸವಿಲ್ಲ. ಎಡವಟ್ಟಾಗುವುದು ದಾರಿಯಲ್ಲಿ. ರೋಮಿನಿಂದ ರೈಲಿನಲ್ಲಿ ಒರ್ವಿಯೆತೊಗೆ ಬಂದು, ಅಲ್ಲಿಂದ ಕೋತ್ರಾಲ್ ಎಂಬ ಸಾರಿಗೆ ಕಂಪನಿಯ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಭಾನುವಾರ ಈ ಬಸ್ಸು ಇಲ್ಲ. ಉಳಿದ ದಿನಗಳಲ್ಲೂ ಬೆರಳೆಣಿಕೆಯಷ್ಟೇ. ವಾಪಸು ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಹತ್ತುವ ಮೊದಲೇ ನೋಡಿಕೊಳ್ಳಿ. ಟಿಕೆಟ್ಟನ್ನೂ ಮೊದಲೇ ಕೊಂಡಿರಿ, ಬಸ್ಸಿನೊಳಗೆ ದುಬಾರಿ. ಬಸ್ಸು ಇಳಿಸುವುದು ಚೀವಿತಾದಲ್ಲಲ್ಲ, ಸೇತುವೆಯ ಈಚೆಗಿರುವ ಬಾನ್ಯೊರೇಜೊ ಪೇಟೆಯಲ್ಲಿ. ಸೇತುವೆಗೆ ಇನ್ನೂ ಎರಡು ಕಿಲೋಮೀಟರು. 1965ರ ಈ ಸೇತುವೆಯ ಉದ್ದ ಸುಮಾರು 300 ಮೀಟರ್. ನೆರಳಿಲ್ಲ, ಕೊನೆಯ ಏರು ಕಡಿದಾಗಿದೆ. ಮಂಡಿನೋವಿನವರು ಯೋಚಿಸಿ ಹೊರಡಬೇಕು.

ಒಳಗೆ ನಾಲ್ಕೈದು ಓಣಿ, ಸಾನ್ ದೊನಾತೊ ಚರ್ಚು, ಬೆಂಕಿಯಲ್ಲಿ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಆಲಿವ್ ಎಣ್ಣೆ ಸುರಿದು ಕೊಡುವ ಬ್ರುಸ್ಕೆತ್ತಾ. ಫೋಟೋ ತೆಗೆದು ಒಂದು ಗಂಟೆಯಲ್ಲಿ ಹಿಂತಿರುಗುವವರೇ ಹೆಚ್ಚು. ಅವರು ಬಿಟ್ಟುಹೋಗುವುದು ಪಲಾತ್ಸೊ ಅಲೆಮಾನ್ನಿಯಲ್ಲಿರುವ ಭೂಕುಸಿತದ ಮ್ಯೂಸಿಯಂ. ಊರು ಖಾಲಿಯಾದದ್ದೇಕೆ ಎನ್ನುವುದು ಅಲ್ಲೇ ತಿಳಿಯುವುದು. ಮೇಲಿರುವುದು ಜ್ವಾಲಾಮುಖಿ ಬೂದಿ ಗಟ್ಟಿಯಾದ ಟಫ್ ಕಲ್ಲು, ಅಡಿಯಲ್ಲಿ ಜೇಡಿ. ಮಳೆನೀರು ಜೇಡಿಯನ್ನು ಕೊರೆದಂತೆಲ್ಲ ಮೇಲಿನ ಕಲ್ಲು ಬುಡವಿಲ್ಲದೆ ಬಿರಿದು, ಅಂಚಿನ ಮನೆಯನ್ನೂ ಎಳೆದುಕೊಂಡು ಬೀಳುತ್ತದೆ. 1695ರ ಭೂಕಂಪದ ಮೇಲೆ ಪುರಾಡಳಿತವೂ ಬಿಷಪ್ಪರೂ ಈಗಿನ ಬಾನ್ಯೊರೇಜೊ ಕಡೆಗೆ ಎದ್ದುಹೋದರು. ಜನ ಹಿಂದೆಯೇ ನಡೆದರು.

ಟಿಕೆಟ್ಟಿನಿಂದ ಊರು ಬದುಕಿತೆ? ಬದುಕಿದ್ದು ಸೇತುವೆಯ ಈಚೆಯ ಊರು. ಬಂದ ಹಣದಿಂದ ಬಾನ್ಯೊರೇಜೊದವರ ಸ್ಥಳೀಯ ತೆರಿಗೆ ಮನ್ನಾ ಆಯಿತು, ಹೋಟೆಲು-ಅಂಗಡಿಗಳಲ್ಲಿ ಕೆಲಸ ಹುಟ್ಟಿತು. ಆಚೆಗೆ ಮಾತ್ರ ಬೀಗ ಬಿದ್ದಿದ್ದ ಮನೆಗಳು ಪ್ರವಾಸಿಗರ ಕೋಣೆಗಳಾದವೇ ಹೊರತು ಸಂಸಾರಗಳು ಮರಳಲಿಲ್ಲ. ಪ್ರವಾಸೋದ್ಯಮಕ್ಕೆ ಇದು ಮಾದರಿ ಎಂದು ಹೊಗಳುವವರು ಈ ಲೆಕ್ಕವನ್ನು ಸೇತುವೆಯ ಎರಡೂ ತುದಿಯಲ್ಲಿ ನಿಂತು ಹಾಕಬೇಕು.

ಸಂಜೆ ಗುಂಪುಗಳು ಇಳಿದುಹೋದ ಮೇಲಿನ ಚೀವಿತಾ ಬೇಕಿದ್ದರೆ ಒಂದು ರಾತ್ರಿ ಉಳಿಯಿರಿ. ದೊಡ್ಡ ಸೂಟ್‌ಕೇಸನ್ನು ಒರ್ವಿಯೆತೊದಲ್ಲೇ ಬಿಟ್ಟು, ಬೆನ್ನಚೀಲವೊಂದನ್ನೇ ತನ್ನಿ. ಸೇತುವೆ ಮೇಲೆ ಟ್ಯಾಕ್ಸಿ ಬರುವುದಿಲ್ಲ.