ಮಗಳ ಸೈಕಲ್‌ಗೆ ಯಾವ ಬ್ರೇಕ್? ತೋಟದ ಇಳಿಜಾರಲ್ಲಿ ನಾಲ್ಕನ್ನು ಓಡಿಸಿ ನೋಡಿದ್ದು

ಹೋದ ಜೂನ್‌ನಲ್ಲಿ ಮಗಳು ಸೈಕಲ್ ಸಮೇತ ದಾಸವಾಳದ ಬೇಲಿಗೆ ನುಗ್ಗಿದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅವಳು ಅಳುತ್ತಾ ಹೇಳಿದ ಮಾತು ತಲೆಯಲ್ಲಿ ಉಳಿಯಿತು: "ಬ್ರೇಕ್ ಹಿಡ್ದಿದ್ದೆ ಅಪ್ಪ, ಅದೇ ನಿಲ್ಲಲಿಲ್ಲ." ನೋಡಿದರೆ ನಿಜ. ಮಳೆ ಬಂದು ಬಿಟ್ಟಿತ್ತು, ಸ್ಟೀಲ್ ರಿಮ್ ಕನ್ನಡಿಯ ಹಾಗೆ ಒದ್ದೆಯಾಗಿ ಹೊಳೆಯುತ್ತಿತ್ತು.

ಹೊಸ ಸೈಕಲ್ ತರೋಣ ಅಂದಾಗ ಭಾವಮೈದ ತಡಮಾಡದೆ ಹೇಳಿದ: "ಡಿಸ್ಕ್ ತಗೊಳ್ಳಿ ಭಾವ, ಕಣ್ಣು ಮುಚ್ಕೊಂಡು." ಅಂಗಡಿಯವನದೂ ಅದೇ ರಾಗ. ಕಣ್ಣು ಮುಚ್ಚಿಕೊಂಡು ಸಾಮಾನು ತರುವ ಅಭ್ಯಾಸ ನನಗಿಲ್ಲ. ಹಾಗಾಗಿ ನಾಲ್ಕು 20 ಇಂಚಿನ ಸೈಕಲ್ ಒಟ್ಟುಮಾಡಿದೆ. ಮಗಳ ಹಳೆಯದು: ಮುಂದೆ ಇಕ್ಕಳದ ಹಾಗೆ ರಿಮ್ ಹಿಡಿಯುವ ಕ್ಯಾಲಿಪರ್, ಹಿಂದೆ ಡ್ರಮ್ ಸುತ್ತ ಪಟ್ಟಿ ಬಿಗಿಯುವ ಬ್ಯಾಂಡ್ ಬ್ರೇಕ್. ಭಾವಮೈದನ ಮಗನದು: ಎರಡೂ ಕಡೆ ಕೇಬಲ್ ಎಳೆಯುವ ಡಿಸ್ಕ್, ಅಂದರೆ ಚಕ್ರದ ನಡುವಿನ ಲೋಹದ ತಟ್ಟೆಯನ್ನು ಪ್ಯಾಡ್‌ಗಳು ಅಮುಕಿ ಹಿಡಿಯುವ ಬ್ರೇಕ್. ಗೆಳೆಯನ ಮನೆಯದು: ಅಲ್ಯೂಮಿನಿಯಂ ಅಲಾಯ್ ರಿಮ್, ಅದನ್ನು ಎರಡು ಉದ್ದ ತೋಳಿನಿಂದ ಹಿಡಿಯುವ ವಿ-ಬ್ರೇಕ್. ನಾಲ್ಕನೆಯದು ಪಕ್ಕದ ಮನೆಯವರ ಮಗ ಅಮೆರಿಕದಿಂದ ವಾಪಸ್ ಬರುವಾಗ ತಂದದ್ದು. ಅದರಲ್ಲಿ ಲಿವರೇ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಆ ದೇಶದಲ್ಲಿ ಚಿಕ್ಕ ಮಕ್ಕಳ ಸೈಕಲ್‌ಗೆ ಈ ಕಾಲಿನ ಬ್ರೇಕ್ ಇರಲೇಬೇಕು ಎಂದು ನಿಯಮವೇ ಇದೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮನೆಯಿಂದ ತೋಟಕ್ಕೆ ಸಿಮೆಂಟಿನ ದಾರಿ ಇಳಿಯುತ್ತದೆ. ಪಾಚಿ ಕೆರೆದು ಚೊಕ್ಕಟ ಮಾಡಿದೆ. ಹಲಸಿನ ಮರದ ಬುಡದಿಂದ ಪೆಡಲ್ ತುಳಿಯದೆ ಬಿಟ್ಟರೆ ಕೆಳಗಿನ ಸಮತಟ್ಟಿಗೆ ಬರುವ ಹೊತ್ತಿಗೆ ವೇಗ ಗಂಟೆಗೆ 15 ಕಿ.ಮೀ. ಆಸುಪಾಸು, ಮೊಬೈಲ್‌ನಲ್ಲಿ ನೋಡಿದ್ದು. ಅಲ್ಲೊಂದು ಸುಣ್ಣದ ಗೆರೆ. ಗೆರೆ ಬಂದ ಕೂಡಲೇ ಬ್ರೇಕ್, ನಿಂತಲ್ಲಿಗೆ ಟೇಪು. ಒಣಗಿದ ನೆಲದಲ್ಲಿ 3 ಸಲ, ಪೈಪಿನಲ್ಲಿ ನೆಲಕ್ಕೂ ಚಕ್ರಕ್ಕೂ ನೀರು ಹೊಡೆದು 3 ಸಲ. ನಾಲ್ಕನ್ನೂ ಓಡಿಸಿದವಳು ಒಬ್ಬಳೇ, ಒಂಬತ್ತು ವರ್ಷದ ಮಗಳು. ಹೆಲ್ಮೆಟ್ ಹಾಕಿಸಿದ್ದೆ, ಕೊನೆಗೆ ಹುಲ್ಲಿನ ಹೊರೆ ಒಟ್ಟಿದ್ದೆ.

ಹಳೆಯದು ಒಣಗಿದ್ದಾಗ 4 ಮೀಟರಿಗೆ ನಿಂತಿತು. ಬ್ಯಾಂಡ್ ಬ್ರೇಕಿನ ಕಿರುಚಾಟಕ್ಕೆ ಕೊಟ್ಟಿಗೆಯ ದನ ಎದ್ದು ನಿಂತವು. ಒದ್ದೆಯಾದ ಮೇಲೆ 9 ಮೀಟರ್ ದಾಟಿ ಹುಲ್ಲಿನೊಳಗೆ ಹೋಯಿತು. ಮೂರೂ ಸಲ. ನೀರು ಬಿದ್ದ ಸ್ಟೀಲ್ ರಿಮ್ ಮೇಲೆ ರಬ್ಬರ್ ಜಾರುತ್ತದೆ, ಹಿಡಿಯುವುದಿಲ್ಲ. ನಮ್ಮಪ್ಪನ ಹಳೆ ಸೈಕಲ್‌ನಲ್ಲಿ ಕೇಬಲ್ಲೇ ಇಲ್ಲ, ಕಬ್ಬಿಣದ ಸರಳು ಎಳೆದು ರಬ್ಬರನ್ನು ರಿಮ್‌ನ ಒಳಮೈಗೆ ಒತ್ತುತ್ತದೆ. ಮಳೆಗಾಲದಲ್ಲಿ ಅದೂ ಇಷ್ಟೇ. ಅಪ್ಪ ಇಳುಕಲು ಬಂದರೆ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದರು. ಹೆದರಿಕೆ ಅಂದುಕೊಂಡಿದ್ದೆ, ಲೆಕ್ಕಾಚಾರ ಅಂತ ಈಗ ಗೊತ್ತಾಯಿತು.

ಕಾಲಿನ ಬ್ರೇಕು ಒಣಗಿದ್ದಾಗ 4.2, ಒದ್ದೆಯಲ್ಲಿ 4.8. ಯಂತ್ರವೆಲ್ಲ ಚಕ್ರದ ನಡುವಿನ ಹಬ್‌ನ ಒಳಗೇ ಇರುವುದರಿಂದ ಮಳೆಗೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಕೈಯಲ್ಲಿ ಬಲವಿಲ್ಲದ ನಾಲ್ಕೈದು ವರ್ಷದ ಮಕ್ಕಳಿಗೆ ಒಳ್ಳೆಯದೇ. ಆದರೆ ಹಿಂದಿನ ಚಕ್ರ ಮಾತ್ರ ಹಿಡಿಯುತ್ತದೆ. ಚೈನ್ ಕಳಚಿದರೆ ಬ್ರೇಕೂ ಹೋಯಿತು! ಆರಾಮಾಗಿ ಹೋಗುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸುವುದು ನಮ್ಮ ಮಕ್ಕಳ ಚಾಳಿ. ಮಗಳು ಹಾಗೆ ಮಾಡಲು ಹೋಗಿ ಎರಡು ಸಲ ಗಕ್ಕನೆ ನಿಂತಳು.

ಈಗ ಡಿಸ್ಕ್. ಮೊದಲ ಸಲ ಒಣ ನೆಲದಲ್ಲೇ 4.3 ಮೀಟರ್! ಹಳೆ ಸೈಕಲ್‌ಗಿಂತ ಕಡೆ. ಭಾವಮೈದನ ಮುಖ ನೋಡಬೇಕಿತ್ತು. "ಗಟ್ಟಿ ಹಿಡಿ ಪುಟ್ಟಿ" ಅಂದ. ಮತ್ತೆ ಅಷ್ಟೇ. ಆಮೇಲೆ ನಾನು ಸೈಕಲ್ ಬಿಟ್ಟು ಅವಳ ಕೈ ನೋಡಿದೆ. ಹ್ಯಾಂಡಲ್ ಹಿಡಿದು ಬೆರಳು ಚಾಚಿದರೆ ಲಿವರ್‌ಗೆ ತಾಗುತ್ತಿದ್ದುದು ಎರಡು ಬೆರಳಿನ ತುದಿ ಮಾತ್ರ. ಉಗುರಿನಲ್ಲಿ ಕೆರೆದ ಹಾಗೆ ಎಳೆಯುತ್ತಿದ್ದಳು. ಲಿವರ್ ಬುಡದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸುತ್ತಾ ಹೋದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಬೆರಳಿನ ಮೊದಲ ಗಂಟು ಲಿವರ್ ಮೇಲೆ ಮಡಿಸಿ ಕೂರುವವರೆಗೆ ತಿರುಗಿಸಿದೆ. ಪೂರ್ತಿ ಹಿಂಡಿದರೂ ಹ್ಯಾಂಡಲ್‌ಗೆ ತಾಗದೆ ಒಂದು ಬೆರಳಿನ ಜಾಗ ಉಳಿಯುವಂತೆ ಕೇಬಲ್ ಬಿಗಿ ಮಾಡಿದೆ. ಮುಂದಿನ ಓಟ 2.5 ಮೀಟರ್. ಅದೇ ಡಿಸ್ಕ್, ಅದೇ ಹುಡುಗಿ, ನಡುವೆ ಐದು ನಿಮಿಷ ಮತ್ತು ಒಂದು ಸ್ಕ್ರೂ.

ನೀರು ಹಾಕಿದ ಮೇಲೆ ಅದು 3 ಮೀಟರ್. ಇಲ್ಲಿ ಡಿಸ್ಕ್ ಗೆದ್ದಿತು, ಒಪ್ಪಿಕೊಳ್ಳಲೇಬೇಕು. ಡಿಸ್ಕ್ ಇರುವುದು ಚಕ್ರದ ನಡುವೆ, ರಿಮ್‌ನಷ್ಟು ನೀರು, ಕೆಸರು ಅದಕ್ಕೆ ಹತ್ತುವುದಿಲ್ಲ.

ಆದರೆ ಸ್ವಲ್ಪ ಕಿರ್ ಅನ್ನುತ್ತಿತ್ತು. ಸದ್ದು ಬಂದರೆ ಎಣ್ಣೆ ಬಿಡುವುದು ನಮ್ಮ ಮನೆತನದ ವಿದ್ಯೆ. ಚೈನಿಗೆ ಹಾಕುವ ಎಣ್ಣೆಯನ್ನು ನಾನೇ ಡಿಸ್ಕ್ ಮೇಲೆ ಬಿಟ್ಟೆ. ಸದ್ದು ನಿಂತಿತು, ಜೊತೆಗೆ ಬ್ರೇಕೂ. ಸ್ಪಿರಿಟ್ ಹಚ್ಚಿ ಡಿಸ್ಕ್ ಒರೆಸಿದ್ದಾಯಿತು, ಎಣ್ಣೆ ಕುಡಿದ ಪ್ಯಾಡ್ ಮಾತ್ರ ಸರಿಹೋಗಲಿಲ್ಲ. ಹೊಸ ಪ್ಯಾಡ್ ತರಲು ಶಿವಮೊಗ್ಗಕ್ಕೇ ಹೋಗಬೇಕಾಯಿತು. ಇಂಥ ಅಗ್ಗದ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಒಂದೇ ಬದಿಯ ಪ್ಯಾಡ್ ಚಲಿಸುತ್ತದೆ, ಇನ್ನೊಂದು ನಿಂತಲ್ಲೇ ಇರುತ್ತದೆ. ಸವೆದ ಹಾಗೆಲ್ಲ ಅದನ್ನು ಹತ್ತಿರ ತರುತ್ತಿರಬೇಕು. ಉದ್ದ ಇಳುಕಲಿನ ನಂತರ ಡಿಸ್ಕ್ ಮುಟ್ಟಿದರೆ ಬೆರಳು ಸುಡುತ್ತದೆ, ಕುತೂಹಲದ ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ಹೇಳಿರಬೇಕು.

ವಿ-ಬ್ರೇಕ್‌ಗೂ ಮೊದಲು ಲಿವರ್ ಹೊಂದಿಸಿಯೇ ಓಡಿಸಿದೆ. ಒಣಗಿದ್ದಾಗ 2.6, ಒದ್ದೆಯಲ್ಲಿ 3.8. ಜಪಾನಿನ ಶಿಮಾನೋ ಕಂಪನಿ 1996ರಲ್ಲಿ ಬಿಟ್ಟ ವಿನ್ಯಾಸ ಇದು: ಎರಡು ಉದ್ದ ತೋಳು, ಅಡ್ಡ ಎಳೆಯುವ ಕೇಬಲ್. ರಬ್ಬರ್ ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿದರೆ ಕಾಣುತ್ತದೆ. ಜೋಡಿ ರಬ್ಬರ್ ನಮ್ಮೂರ ಸಂತೆಬೀದಿಯಲ್ಲೂ ಸಿಗುತ್ತದೆ. ಒಂದೇ ಒಂದು ಅಪಾಯ. ಚಕ್ರ ಬಿಚ್ಚಲೆಂದು ಅದರ ಬಾಗಿದ ಕೊಳವೆಯನ್ನು ಕೈಯಲ್ಲೇ ಕಳಚಬಹುದು. ಪಂಕ್ಚರ್ ಹಾಕಿದವರು ಅದನ್ನು ಮತ್ತೆ ಸಿಕ್ಕಿಸಲು ಮರೆತರೆ ಲಿವರ್ ಎಳೆದರೂ ಗಾಳಿ ಎಳೆದ ಹಾಗೆ. ಗೆಳೆಯನ ಸೈಕಲ್ ನನ್ನ ಕೈಗೆ ಬಂದದ್ದೇ ಹಾಗೆ. ಮೂರು ದಿನದಿಂದ ಆ ಮಗು ಹಿಂದಿನ ಬ್ರೇಕಿನಲ್ಲೇ ಶಾಲೆಗೆ ಹೋಗಿಬರುತ್ತಿತ್ತಂತೆ.

ಹಿಂದಿನದರಲ್ಲೇ ನಡೆಯುತ್ತದೆ ಎನ್ನುವವರಿಗಾಗಿ ಅದನ್ನೂ ಅಳೆದೆ. ಅದೇ ವಿ-ಬ್ರೇಕ್, ಹಿಂದಿನದು ಮಾತ್ರ: 4.5 ಮೀಟರ್, ಸಿಮೆಂಟಿನ ಮೇಲೆ ಕಪ್ಪು ಗೆರೆ, ಬಾಲ ಬೀಸಿದ ಸೈಕಲ್. "ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ" ಎಂದು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದಾರೆ. ಆದರೆ ಬ್ರೇಕ್ ಹಿಡಿದ ಕ್ಷಣ ಮೈಭಾರದ ಹೆಚ್ಚು ಪಾಲು ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಗುರಾದ ಹಿಂದಿನದು ಜಾರುತ್ತದೆ. ಹಾಗಾಗಿ ನಿಲ್ಲಿಸುವ ಶಕ್ತಿ ಇರುವುದೇ ಮುಂದೆ. ಸೊಂಟ ಹಿಂದಕ್ಕೆ ಸರಿಸಿ, ಎರಡೂ ಲಿವರನ್ನು ನಿಂಬೆಹಣ್ಣು ಹಿಂಡಿದ ಹಾಗೆ ನಿಧಾನ ಬಿಗಿ ಮಾಡಲು ಕಲಿಸಿದೆ. ಒಂದು ಸಂಜೆ ಸಾಕಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್, ಅಮೆರಿಕದಲ್ಲಿ ಎಡಗೈಯದು. ಅಲ್ಲಿಂದ ಬಂದ ಮಕ್ಕಳಿದ್ದರೆ ಮೊದಲು ಇದನ್ನು ಕೇಳಿ. ಇನ್ನು 15 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಡವಾದರೆ 4 ಮೀಟರ್ ಹೋಗಿಬಿಡುತ್ತದೆ, ಅದಕ್ಕೇ ಇಳಿಯುವಾಗ ಎರಡೆರಡು ಬೆರಳು ಲಿವರ್ ಮೇಲೇ ಇರಬೇಕು ಅಂತ ಹೇಳಿದ್ದೇನೆ.

ತಂದದ್ದು ಅಲಾಯ್ ರಿಮ್‌ನ ವಿ-ಬ್ರೇಕ್ ಸೈಕಲ್. ಮಳೆಯಲ್ಲಿ ಡಿಸ್ಕ್‌ಗಿಂತ ಮುಕ್ಕಾಲು ಮೀಟರ್ ಹಿಂದೆ, ನಿಜ. ಆದರೆ ನಾನೇ ರಿಪೇರಿ ಮಾಡಬಲ್ಲ ಬ್ರೇಕ್ ನನಗೆ ಬೇಕಿತ್ತು, ಅದರಲ್ಲೂ ಎಣ್ಣೆ ಡಬ್ಬಿ ಹಿಡಿದ ನನ್ನ ಕೈಯಿಂದ ಬದುಕಬಲ್ಲದ್ದು. ಭಾವಮೈದ ಇನ್ನೂ ಒಪ್ಪಿಲ್ಲ. ಆದರೆ ಹೋದ ವಾರ ಬಂದವನು ಕಾಫಿ ಕುಡಿದು, ಮೆಲ್ಲಗೆ ಕೇಳಿದ: "ಆ ಚಿಕ್ಕ ಸ್ಕ್ರೂ ತಿರುಗಿಸ್ತೀರಲ್ಲ ಭಾವ, ಆ ಕೀ ಎಲ್ಲಿಟ್ಟಿದ್ದೀರಿ?"