ತಾಲೂಕು ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್: ಅಮ್ಮನಿಗೆ ಮಾತ್ರೆ ಸಿಕ್ಕಿತು, ಮಗನನ್ನು ಯಾರೂ ಕೇಳಲಿಲ್ಲ

ಮಂಡ್ಯ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆ ಬಗ್ಗೆ ಬರೆಯುತ್ತಿದ್ದೇನೆ. ನಮ್ಮಕ್ಕನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ದಿನ ವಿಪರೀತ ಹುರುಪಿನಲ್ಲಿರುತ್ತದೆ, ಕೆಲವು ದಿನ ಪೂರ್ತಿ ಕುಗ್ಗಿಹೋಗುತ್ತದೆ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋರೋಗದ ಡಾಕ್ಟರು ತಾಲೂಕಿಗೇ ಬರುತ್ತಾರೆ. ಮೊದಲಾದರೆ ಮೈಸೂರಿನ ಬಸ್ ಹತ್ತಬೇಕಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು.

ಚಿಕಿತ್ಸೆ ಬಗ್ಗೆ ಎರಡು ಮಾತಿಲ್ಲ. ಡಾಕ್ಟರು ಗದರುವುದಿಲ್ಲ, ಮಾತ್ರೆಗೆ ದುಡ್ಡಿಲ್ಲ. ಕ್ಯೂ ಮಾತ್ರ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ನನಗೆ ಬೇಜಾರಾಗಿದ್ದು ಅಕ್ಕನ ಮಗನ ವಿಷಯಕ್ಕೆ. ಆರನೇ ಕ್ಲಾಸು. ಸ್ಕೂಲಿಗೆ ರಜ ಹಾಕಿ ಅವನೂ ಬರುತ್ತಾನೆ, ಯಾಕಂದರೆ ಅಕ್ಕ ಅವನ ಮಾತು ಮಾತ್ರ ಕೇಳುತ್ತಾಳೆ. "ರಾತ್ರಿ ನಿದ್ದೆ ಬರುತ್ತಾ?" ಅಂತ ಡಾಕ್ಟರು ಕೇಳಿದರು. ಅಕ್ಕ ಹೂಂ ಅಂದಳು. ಇವನು ಮೆಲ್ಲಗೆ, "ಇಲ್ಲ ಸಾರ್, ನಮ್ಮವ್ವ ಮೂರು ಗಂಟೆಗೇ ಎದ್ದು ಪಾತ್ರೆ ಉಜ್ತದೆ" ಅಂದ. ಡಾಕ್ಟರು ಅದನ್ನು ಬರೆದುಕೊಂಡು ಮಾತ್ರೆ ಬದಲಾಯಿಸಿದರು. ಆದರೆ ಅಷ್ಟು ಹೊತ್ತಿನಲ್ಲಿ ಈ ಹುಡುಗ ಯಾಕೆ ಎಚ್ಚರವಾಗಿದ್ದ ಅಂತ ಯಾರೂ ಕೇಳಲಿಲ್ಲ. ಅವನ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಪಕ್ಕ ಅಮ್ಮನ ಮಾತ್ರೆ ಶೀಟು ಇರುತ್ತದೆ. ಒಂದೊಂದು ಮಾತ್ರೆಯ ಹಿಂದೆಯೂ ಪೆನ್ನಿನಲ್ಲಿ ಸೋ, ಮಂ, ಬು ಅಂತ ಬರೆದಿದ್ದಾನೆ.

ಇಂಥ ಮಕ್ಕಳು ಅಲ್ಲೊಬ್ಬ ಇಲ್ಲೊಬ್ಬರಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ನಮ್ಮ ದೇಶದ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಎಷ್ಟೋ ಜನ ಅಪ್ಪ ಅಮ್ಮಂದಿರೇ ಅಲ್ವಾ? ಬ್ರಿಟನ್ನಿನಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರ ತಾಯಿಗೆ ಖಿನ್ನತೆ, ಆತಂಕದಂಥ ತೊಂದರೆ ಇತ್ತು. ನಾರ್ವೆಯಲ್ಲಿ 2010ರಿಂದ ಕಾನೂನೇ ಇದೆ: ರೋಗಿಗೆ ಚಿಕ್ಕ ಮಕ್ಕಳಿದ್ದರೆ ಅವರ ಕಡೆಗೂ ಆಸ್ಪತ್ರೆಯವರು ಗಮನ ಕೊಡಬೇಕು. ಇಲ್ಲಿ ಅಷ್ಟೆಲ್ಲ ಬೇಡ. ಚೀಟಿ ಮಾಡುವಾಗ "ಮನೇಲಿ ಮಕ್ಕಳಿದ್ದಾರಾ, ಅವರನ್ನ ಯಾರು ನೋಡ್ಕೋತಾರೆ?" ಅಂತ ಕೇಳಿ ಬರೆದುಕೊಳ್ಳಲಿ.

ಕೊನೆಗೆ ನಾನೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನಿಗೆ ಕಾಯಿಲೆಯ ಹೆಸರು ಹೇಳಿ, ಅದು ನಿನ್ನಿಂದ ಬಂದಿದ್ದಲ್ಲ ಅನ್ನಿ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತು ಮಾಡಿಕೊಡಿ ಎಂದರು. ಹಾಗೇ ಹೇಳಿದೆ. "ನಾನು ಸೈಕಲ್‌ಗೆ ಹಠ ಮಾಡಿದ್ದಕ್ಕೆ ಹಿಂಗಾಗಿದ್ದು ಅಲ್ವಾ ಚಿಕ್ಕವ್ವ?" ಅಂದುಬಿಟ್ಟ. ಇಷ್ಟು ದಿನ ಮಗು ಅದನ್ನೇ ನಂಬಿಕೊಂಡಿತ್ತು! ನನಗೆ ಕರುಳು ಕಿತ್ತು ಬಂದಂತಾಯಿತು.

ಡಾಕ್ಟರಿಗೆ ಐದು ಸ್ಟಾರ್, ಕ್ಲಿನಿಕ್ಕಿಗೆ ಮೂರು. ಅಲ್ಲಿಗೆ ಹೋಗುವವರು ಮಕ್ಕಳ ವಿಷಯವನ್ನು ನೀವಾಗಿಯೇ ತೆಗೆಯಿರಿ. ಕೇಳಿದರೆ ಡಾಕ್ಟರು ಬೇಡ ಅನ್ನುವವರಲ್ಲ.