ರಾಜೀನಾಮೆ ಕಳುಹಿಸುವ ಮೊದಲು ನೇಮಕಾತಿ ಪತ್ರದ ದಿನಾಂಕ ನೋಡಿ

2024ರ ಮಾರ್ಚ್ 9, ಶಿವರಾತ್ರಿಯ ಮರುದಿನ, ಬೆಳಿಗ್ಗೆ ಎಂಟೂವರೆಗೆ ನಾನು ಶಾಖಾ ವ್ಯವಸ್ಥಾಪಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಕಳುಹಿಸಿ ಕೆಲಸ ಬಿಟ್ಟೆ. "ನನ್ನಿಂದ ಇನ್ನು ಆಗುವುದಿಲ್ಲ. ನಾಳೆಯಿಂದ ಬರುವುದಿಲ್ಲ." ಆ ಎರಡು ಸಾಲಿನಿಂದ ನನ್ನ ಕೈತಪ್ಪಿದ್ದು ಎಷ್ಟು ಎಂಬುದು ಗೊತ್ತಾಗಲು ವರ್ಷವೇ ಹಿಡಿಯಿತು. ಹಾಸನದ ಸುತ್ತ ನನ್ನಂತೆಯೇ ಬೈಕಿನಲ್ಲಿ ಊರೂರು ಸುತ್ತುವ ಹುಡುಗರು, ಹುಡುಗಿಯರು ನೂರಾರು ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಇವತ್ತು ರಾತ್ರಿ ಅಂಥದೇ ಎರಡು ಸಾಲು ಬರೆಯಲು ಕುಳಿತಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಬರೆಯಿರಿ.

ನಾನು ಕಿರುಸಾಲ ಕೊಡುವ ಖಾಸಗಿ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಸೇರಿದ್ದು 2019ರ ಆಗಸ್ಟ್ 5ರಂದು. ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದವನಿಗೆ ಸಿಕ್ಕ ಮೊದಲ ಕೆಲಸ. ಆಲೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಸಂಘಗಳು ನನ್ನ ಪಾಲಿಗೆ ಬಂದಿದ್ದವು. ಬೆಳಿಗ್ಗೆ ಏಳಕ್ಕೆ ಯಾರದೋ ಮನೆಯ ಜಗಲಿಯ ಮೇಲೆ ಮೊದಲ ಸಭೆ. ಹೆಂಗಸರು ಕೂಲಿಗೆ ಹೊರಡುವ ಮುಂಚೆ ಕಂತು ಕಟ್ಟಿಸಿಕೊಳ್ಳಬೇಕು. ಮಧ್ಯಾಹ್ನದವರೆಗೆ ಸಭೆಗಳು, ಆಮೇಲೆ ಬಾಕಿ ಇರುವವರ ಮನೆ ಬಾಗಿಲು. ಮಳೆಗಾಲದಲ್ಲಿ ಆ ಕಡೆ ಜಡಿಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ರೇನ್‌ಕೋಟಿನೊಳಗೆ ಹಣದ ಚೀಲವನ್ನು ಎದೆಗೆ ಕಟ್ಟಿಕೊಂಡು ಓಡಾಡಿದ್ದೇನೆ. ಅದು ಯಾವುದೂ ಕಷ್ಟ ಅನ್ನಿಸಿರಲಿಲ್ಲ. ಕಷ್ಟ ಅನ್ನಿಸಿದ್ದು ಬಾಕಿ ವಸೂಲಿ.

ಕಾಫಿ ಕೊಯ್ಲು ಮುಗಿದ ಮೇಲೆ ತೋಟಗಳಲ್ಲಿ ಕೂಲಿ ಕಡಿಮೆಯಾಗುತ್ತದೆ. ಕಂಪನಿಗೆ ಮಾರ್ಚ್ ಎಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಜನರ ಕೈಯಲ್ಲಿ ಹಣ ಇಲ್ಲದ ಹೊತ್ತಿಗೆ ನಮ್ಮ ಮೇಲಿನ ಒತ್ತಡ ಎರಡರಷ್ಟಾಗುತ್ತಿತ್ತು. ಶಿವರಾತ್ರಿಯ ದಿನವೂ ನನ್ನನ್ನು ಕಳುಹಿಸಿದರು. ಆಲೂರಿನ ಹತ್ತಿರದ ಒಂದು ಮನೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಕುಳಿತಿದ್ದೆ. ಕಂತು 1,150 ರೂಪಾಯಿ. ಆಕೆ ಉಪವಾಸವಿದ್ದರು. ಅಡುಗೆಮನೆಯಿಂದ ಹಳೆಯ ಹಾರ್ಲಿಕ್ಸ್ ಡಬ್ಬಿ ತಂದು ಚಾಪೆಯ ಮೇಲೆ ಸುರಿದು ಎಣಿಸಿದರು. ಹತ್ತರ ನಾಣ್ಯಗಳು, ಮಡಚಿ ಮಡಚಿ ಬೀಡಿಯಷ್ಟು ಸಣ್ಣಗಾಗಿದ್ದ ನೋಟುಗಳು. 640 ಆಯಿತು. "ಇಷ್ಟೇ ಇರುವುದು ಸಾರ್, ಎರಡು ಸಲ ಎಣಿಸಿದೆ" ಎಂದರು. ನಾಲ್ಕನೆಯ ತರಗತಿಯ ಮಗಳು ಒಳಗೆ ಹೋಗಿ ಕಂಪಾಸ್ ಪೆಟ್ಟಿಗೆಯಿಂದ ಇಪ್ಪತ್ತರ ನೋಟು ತಂದು ಅಮ್ಮನ ರಾಶಿಯ ಮೇಲೆ ಇಟ್ಟಳು. ನಾನು ಅದನ್ನು ಅವಳ ಕೈಗೇ ಕೊಟ್ಟು ಎದ್ದು ಬಂದೆ.

ಮರುದಿನ ಶಾಖೆಯ ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಆ 510 ರೂಪಾಯಿಗೆ ನನ್ನನ್ನು ನಿಲ್ಲಿಸಿ ಬೈದರು. ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಷ್ಟು ಹೊತ್ತಿಗೆ ನನಗೆ ಮೂರು ತಿಂಗಳಿಂದ ಸರಿಯಾದ ನಿದ್ದೆ ಇರಲಿಲ್ಲ. ಬೆಳಿಗ್ಗೆ ಫೋನ್ ರಿಂಗಾದರೆ ಎದೆ ಬಿಗಿಯುತ್ತಿತ್ತು. ಟ್ಯಾಬ್, ಹಣದ ಚೀಲ, ರಸೀದಿ ಪುಸ್ತಕ ಎಲ್ಲವನ್ನೂ ಮೇಜಿನ ಮೇಲಿಟ್ಟು ಹೊರಗೆ ಬಂದು ಆ ಎರಡು ಸಾಲು ಕಳುಹಿಸಿದೆ. ಕೆಲಸ ಬಿಟ್ಟಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ ಬಹಳ ಸಮಾಧಾನವಾಯಿತು. ಸಾಲ ಪಡೆದವರ ಸಂಕಟದ ಬಗ್ಗೆ ಆಗ ಪತ್ರಿಕೆಗಳಲ್ಲಿ ಬಹಳ ಬಂತು. ಅವರ ಬಾಗಿಲಲ್ಲಿ ಕುಳಿತುಕೊಳ್ಳುವ ಹುಡುಗನನ್ನೂ ಯಾರೋ ಹೀಗೆಯೇ ಹಿಂಡುತ್ತಿರುತ್ತಾರೆ ಎಂಬುದನ್ನು ಬರೆದವರು ಕಡಿಮೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಹದಿನೈದು ದಿನ ಕಳೆದ ಮೇಲೆ ಕಂಪನಿಯಿಂದ ಮಿಂಚಂಚೆ ಬಂತು. ನೇಮಕಾತಿ ಪತ್ರದ ಪ್ರಕಾರ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು, ಕೊಟ್ಟಿಲ್ಲ. ಆದ್ದರಿಂದ ಒಂದು ತಿಂಗಳ ಸಂಬಳ 18,400 ರೂಪಾಯಿಯನ್ನು ನಾನೇ ಕಂಪನಿಗೆ ಕಟ್ಟಬೇಕು. ಮಾರ್ಚ್‌ನ ಒಂಬತ್ತು ದಿನದ ಸಂಬಳ ಕಳೆದರೆ 13 ಸಾವಿರ ಬಾಕಿ. ಕಟ್ಟುವವರೆಗೆ ಬಿಡುಗಡೆ ಪತ್ರ ಇಲ್ಲ. ಸಾಲ ವಸೂಲಿ ಮಾಡುತ್ತಿದ್ದವನ ಹೆಸರಿಗೇ ಬಾಕಿ ಬಿತ್ತು.

ಗ್ರ್ಯಾಚುಟಿಯ, ಅಂದರೆ ವರ್ಷಗಟ್ಟಲೆ ದುಡಿದವರು ಬಿಡುವಾಗ ಕಂಪನಿ ಕೊಡಬೇಕಾದ ಹಣದ ನೆನಪಾದದ್ದು ಆಗ. ನಾಲ್ಕೂವರೆ ವರ್ಷ ದುಡಿದಿದ್ದೇನೆ, ಏನಾದರೂ ಬಂದೇ ಬರುತ್ತದೆ ಎಂದುಕೊಂಡಿದ್ದೆ. ಹಾಸನದ ನ್ಯಾಯಾಲಯದ ಬಳಿ ಪರಿಚಯದ ವಕೀಲರೊಬ್ಬರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. ಆಗ ಜಾರಿಯಲ್ಲಿದ್ದ 1972ರ ಗ್ರ್ಯಾಚುಟಿ ಪಾವತಿ ಕಾಯ್ದೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋಗುವವರಿಗೆ ಐದು ವರ್ಷದ ನಿರಂತರ ಸೇವೆ ಬೇಕಿತ್ತು. ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಮಾತ್ರ ಈ ಷರತ್ತು ಇರಲಿಲ್ಲ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನನ್ನ ಮೂಲ ವೇತನ 12,500. ಐದು ವರ್ಷಕ್ಕೆ 36 ಸಾವಿರದ ಚಿಲ್ಲರೆ. ಆ ವರ್ಷದ ಆಗಸ್ಟ್‌ವರೆಗೆ ಇದ್ದಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅರ್ಜಿ ಕೊಟ್ಟರೆ ಮೂವತ್ತು ದಿನದೊಳಗೆ ಅವರು ಕೊಡಲೇಬೇಕಿತ್ತು.

ಅಲ್ಲಿಗೇ ಮುಗಿದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ವಕೀಲರು ಇನ್ನೊಂದು ಮಾತು ಹೇಳಿದರು. ಅದೇ ಕಾಯ್ದೆಯಲ್ಲಿ, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಎಂದೇ ಪರಿಗಣಿಸಬೇಕು ಎಂದಿತ್ತು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ಕೆಲಸವಿರುವ ಕಡೆ 190 ದಿನ. ಇದರ ಆಧಾರದ ಮೇಲೆ ನಾಲ್ಕು ವರ್ಷ ಮುಗಿಸಿ ಐದನೆಯ ವರ್ಷದಲ್ಲಿ 240 ದಿನ ಪೂರೈಸಿದವರಿಗೂ ಗ್ರ್ಯಾಚುಟಿ ಸಲ್ಲಬೇಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆಯಂತೆ. ಎಲ್ಲ ಕಂಪನಿಗಳೂ ಇದನ್ನು ಒಪ್ಪುವುದಿಲ್ಲ, ಹೋರಾಡಬೇಕಾಗುತ್ತದೆ, ಆದರೆ ವಾದಕ್ಕೆ ಒಂದು ನೆಲೆಯಾದರೂ ಇರುತ್ತದೆ ಎಂದರು. ನಂತರ ಗೋಡೆಯ ಕ್ಯಾಲೆಂಡರ್ ಇಳಿಸಿ ಎಣಿಸಿದರು. 2023ರ ಆಗಸ್ಟ್ 5ರಿಂದ 240ನೆಯ ದಿನ ಬೀಳುವುದು 2024ರ ಮಾರ್ಚ್ 31ಕ್ಕೆ. ನಾನು ಬಿಟ್ಟದ್ದು ಮಾರ್ಚ್ 9ಕ್ಕೆ. "ಅದೇ ದಿನ ರಾಜೀನಾಮೆ ಕೊಟ್ಟು ಒಂದು ತಿಂಗಳ ನೋಟಿಸ್ ಮುಗಿಸಿದ್ದರೆ ಏಪ್ರಿಲ್ 8 ಆಗುತ್ತಿತ್ತಲ್ಲಪ್ಪ" ಎಂದರು. ನಾನು ಆ ಕ್ಯಾಲೆಂಡರನ್ನೇ ನೋಡುತ್ತಾ ಕುಳಿತುಬಿಟ್ಟೆ.

ಆ ಒಂದು ತಿಂಗಳು ಇದ್ದಿದ್ದರೆ ನೋಟಿಸ್ ಹಣವೂ ಕಟ್ಟಬೇಕಾಗಿರಲಿಲ್ಲ, ಬಿಡುಗಡೆ ಪತ್ರವೂ ಸಿಗುತ್ತಿತ್ತು, ಗ್ರ್ಯಾಚುಟಿಗೆ ವಾದಿಸಲೂ ಆಗುತ್ತಿತ್ತು. ಬಿಡುವುದು ನಿಶ್ಚಯವಾದ ಮೇಲೆ ಬೈಗುಳಕ್ಕೆ ಅಷ್ಟು ಹೆದರಬೇಕಾಗಿಯೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಿಜವಾಗಿಯೂ ಹೋಗಲಾರದ ಸ್ಥಿತಿ ಇದ್ದರೆ ವೈದ್ಯರ ಬಳಿ ಹೋಗಿ, ಪ್ರಮಾಣಪತ್ರ ತೆಗೆದುಕೊಂಡು, ಉಳಿದಿರುವ ಸಂಬಳ ಸಹಿತ ರಜೆ ಹಾಕಿ. ನನ್ನ ಖಾತೆಯಲ್ಲಿ ಹನ್ನೊಂದು ದಿನ ರಜೆ ಹಾಗೆಯೇ ಉಳಿದಿತ್ತು. ಆವತ್ತು ಅದು ನೆನಪಿಗೇ ಬರಲಿಲ್ಲ.

ಇನ್ನು ಭವಿಷ್ಯ ನಿಧಿ, ಅಂದರೆ ಪಿಎಫ್. ಕಂಪನಿ ನನ್ನ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಲಿಲ್ಲ. ಅದಿಲ್ಲದೆ ಹಣ ತೆಗೆಯಲು ಆಗುವುದಿಲ್ಲ. ಎರಡು ತಿಂಗಳು ಅವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ಬೇಲೂರು ಮಾರ್ಗದ ಬಸ್ ಹತ್ತಿ ಚಿಕ್ಕಮಗಳೂರಿನ ಭವಿಷ್ಯ ನಿಧಿ ಕಚೇರಿಗೆ ಹೋದೆ. ಅಲ್ಲಿಯವರು ಐದೇ ನಿಮಿಷದಲ್ಲಿ ದಾರಿ ತೋರಿಸಿದರು. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಸದಸ್ಯರೇ ಅಂತರ್ಜಾಲದಲ್ಲಿ ತಮ್ಮ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಖಾತೆಗೆ ಹೋಗಿ ಬಿಟ್ಟ ದಿನಾಂಕ ನಮೂದಿಸಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದ್ದರೆ ಸಾಕು. ಕಂಪನಿಯ ಕಾಲು ಹಿಡಿಯಬೇಕಾಗಿಲ್ಲ. ಇದು ಗೊತ್ತಿಲ್ಲದೆ ಒದ್ದಾಡುತ್ತಿರುವವರು ನನಗೆ ಗೊತ್ತಿರುವಂತೆಯೇ ನಾಲ್ಕು ಮಂದಿ ಇದ್ದಾರೆ.

ಮುಂದಿನ ತಪ್ಪಿಗೆ ಮಾತ್ರ ನಾನೇ ಹೊಣೆ. ಕೈಯಲ್ಲಿ ಕಾಸಿರಲಿಲ್ಲ. "ಯುವನಿಧಿ ಬರುತ್ತದಲ್ಲ" ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಆಗ ಅದು ಇದ್ದದ್ದು 2022–23ರಲ್ಲಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ, ನನ್ನಂಥವರಿಗಲ್ಲ. ಮನೆ ಬಾಡಿಗೆ ಕಟ್ಟಬೇಕಿತ್ತು. ಸೈಬರ್ ಕೇಂದ್ರದಲ್ಲಿ ಕುಳಿತು ನಮೂನೆ 19, ನಮೂನೆ 10ಸಿ ಎರಡನ್ನೂ ಹಾಕಿಸಿ ಪಿಎಫ್, ಪಿಂಚಣಿ ಎಲ್ಲವನ್ನೂ ತೆಗೆದುಬಿಟ್ಟೆ. ಪಿಎಫ್‌ನ 1,18,000ದಲ್ಲಿ 11,800 ತೆರಿಗೆ ಎಂದು ಕಡಿತವಾಯಿತು. ಐದು ವರ್ಷ ತುಂಬುವ ಮೊದಲು 50 ಸಾವಿರಕ್ಕಿಂತ ಹೆಚ್ಚು ತೆಗೆದರೆ ಶೇ 10 ಹಿಡಿಯುತ್ತಾರೆ, ವರಮಾನ ತೆರಿಗೆಯ ಮಿತಿಯೊಳಗಿದ್ದರೆ ನಮೂನೆ 15ಜಿ ಕೊಟ್ಟು ಅದನ್ನು ತಪ್ಪಿಸಬಹುದಿತ್ತು ಎಂದು ಆಮೇಲೆ ತಿಳಿಯಿತು. ಮರುವರ್ಷ ರಿಟರ್ನ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆದೆ. ಹಿಂದಕ್ಕೆ ಬಾರದೇ ಹೋದದ್ದು ಪಿಂಚಣಿಯ ಸೇವಾವಧಿ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. 10ಸಿ ಹಾಕಿ ಹಣ ತೆಗೆದುಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಅದೇ ನಮೂನೆಯಲ್ಲಿ ಹಣದ ಬದಲು, ಅಲ್ಲಿಯವರೆಗಿನ ಸೇವೆಯನ್ನು ಉಳಿಸಿಡುವ ಯೋಜನಾ ಪ್ರಮಾಣಪತ್ರ ಕೇಳಬಹುದು, ಅಥವಾ ಏನನ್ನೂ ಮಾಡದೆ ಬಿಟ್ಟಿದ್ದು ಹೊಸ ಕೆಲಸ ಸಿಕ್ಕ ಮೇಲೆ ವರ್ಗಾಯಿಸಿಕೊಳ್ಳಬಹುದು. ಸೈಬರ್ ಕೇಂದ್ರದ ಹುಡುಗ ಕೇಳಿದ್ದು "ಎಲ್ಲವನ್ನೂ ತೆಗೆಯುವುದೇ ಅಣ್ಣ?" ಎಂದು ಮಾತ್ರ. ನಾನು ಹೌದು ಎಂದೆ.

ಅಮ್ಮನ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ನನ್ನ ಸಂಬಳದಿಂದ ತಿಂಗಳಿಗೆ 138 ರೂಪಾಯಿ ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಹೋಗುತ್ತಿತ್ತು. ಅಮ್ಮನ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳು ಅಲ್ಲಿಂದಲೇ ಬರುತ್ತಿದ್ದವು. ಕೆಲಸ ಬಿಟ್ಟ ದಿನವೇ ಕಾರ್ಡೂ ಸತ್ತಿತು ಎಂದು ನಾನೇ ತೀರ್ಮಾನಿಸಿದೆ. ಐದು ತಿಂಗಳು ಅಂಗಡಿಯಲ್ಲಿ ಮಾತ್ರೆ ಕೊಂಡೆ, ತಿಂಗಳಿಗೆ 1,800. ಎರಡು ತಿಂಗಳಾದ ಮೇಲೆ ಅಮ್ಮ ನನಗೆ ಹೇಳದೆ ದಿನ ಬಿಟ್ಟು ದಿನ ನುಂಗಲು ಶುರು ಮಾಡಿದ್ದರು. ಸ್ಟ್ರಿಪ್‌ನಲ್ಲಿ ಮಾತ್ರೆ ಉಳಿದಿದ್ದು ಕಂಡು ಕೇಳಿದಾಗ, "ಸಕ್ಕರೆ ಈಗ ಸರಿಯಾಗಿದೆ, ಸುಮ್ಮನೆ ಯಾಕೆ ಖರ್ಚು" ಎಂದರು. ನಿಯಮ ಹಾಗಿರಲಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜುಲೈನಿಂದ ಡಿಸೆಂಬರ್‌ವರೆಗೆ ಚಿಕಿತ್ಸೆಯ ಹಕ್ಕು ಇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್. ನನ್ನ ಲೆಕ್ಕದಲ್ಲಿ ಆ ವರ್ಷದ ಡಿಸೆಂಬರ್ 31ರವರೆಗೂ ಅಮ್ಮ ಅಲ್ಲಿಂದ ಔಷಧ ತೆಗೆದುಕೊಳ್ಳಬಹುದಿತ್ತು. ಇಡೀ ವರ್ಷದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದು.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ಇರುವವರಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ ಸಲ್ಲುತ್ತದೆ, ಕಾಯಂ ಕೆಲಸಗಾರರಿಗೆ ಐದು ವರ್ಷವೇ. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಪಿಎಫ್ ಹಣ ತೆಗೆಯುವ ನಿಯಮಗಳೂ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನದ ನಿಯಮವನ್ನು ನೋಡಿಕೊಳ್ಳಿ. ನಿಮ್ಮ ನೇಮಕಾತಿ ಪತ್ರದಲ್ಲಿ ತರಬೇತಿ ಎಂದಿದೆಯೇ, ಒಪ್ಪಂದ ಎಂದಿದೆಯೇ, ಕಾಯಂ ಎಂದಿದೆಯೇ ಎಂಬುದನ್ನು ಮೊದಲು ಓದಿ. ಕೆಲಸ ಬಿಟ್ಟ ಮರುದಿನ ಕಂಪನಿಯ ಮಿಂಚಂಚೆ ತೆರೆಯುವುದಿಲ್ಲ, ಆದ್ದರಿಂದ ಸಂಬಳದ ಚೀಟಿ, ರಜೆಯ ಲೆಕ್ಕ, ಹಾಜರಾತಿ ಎಲ್ಲವನ್ನೂ ಮೊದಲೇ ನಿಮ್ಮ ಸ್ವಂತ ಮೊಬೈಲ್‌ಗೆ ಇಳಿಸಿಕೊಳ್ಳಿ. ಫೀಲ್ಡ್ ಕೆಲಸದವರಾದರೆ ಹಣ, ಟ್ಯಾಬ್, ರಸೀದಿ ಪುಸ್ತಕ ಒಪ್ಪಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳದೆ ಶಾಖೆಯ ಹೊಸ್ತಿಲು ದಾಟಬೇಡಿ. ನಾನು ಮೇಜಿನ ಮೇಲೆ ಇಟ್ಟು ಬಂದಿದ್ದೆ. ಹಣ ಕಡಿಮೆ ಇತ್ತು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನ್ನ ಬಳಿ ಒಂದು ಚೂರು ಕಾಗದವೂ ಇರಲಿಲ್ಲ.

2024ರ ಸೆಪ್ಟೆಂಬರ್‌ನಿಂದ ಹಾಸನದಲ್ಲೇ ಒಂದು ಕಾಫಿ ಕ್ಯೂರಿಂಗ್ ಘಟಕದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ರಾತ್ರಿ ನಿದ್ದೆ ಬರುತ್ತದೆ. ಹೊಸ ಇಎಸ್‌ಐ ನೋಂದಣಿಯ ದಿನವೇ ಅಮ್ಮನ ಹೆಸರು ಸೇರಿಸಿದೆ. ಹಳೆಯ ಸೇವೆಯನ್ನು ಉಳಿಸಿಕೊಂಡಿದ್ದರೆ ನನ್ನ ಪಿಂಚಣಿಯ ಹತ್ತು ವರ್ಷ 2030ರ ಆರಂಭದಲ್ಲೇ ತುಂಬುತ್ತಿತ್ತು. ಈಗ ಅದು ತುಂಬುವುದು 2034ಕ್ಕೆ.